ತೇಜಶ್ರೀಗೆಂದು ತಂದ ಶಾಲು

ಬ್ಯಾನರ್ ಬಿಚ್ಚಿ ನೋಡಿದ ಕೂಡಲೇ ನನ್ನ ತಲೆ ಕೆಟ್ಟುಹೋಯಿತು. ‘ಖಿನ್ನತೆಯನ್ನು ಗೆದ್ದ ಕುಮಾರಿ ತೇಜಶ್ರೀಗೆ ಸನ್ಮಾನ’ ಎಂದು ದಪ್ಪ ಅಕ್ಷರ. ಕೆಳಗೆ ಅವಳ ಫೋಟೋ, ಎರಡು ಗುಲಾಬಿ ಹೂವು. ಶಿವಾಜಿನಗರದಿಂದ ಅದನ್ನು ಹೊತ್ತು ತಂದವಳು ನಾನೇ. ಜೊತೆಗೆ ಶಾಲು, ಮೈಸೂರು ಪೇಟ.

ಹಲಸೂರಿನ ಈ ಶಾಲೆಯಲ್ಲಿ ನಾನು ಇಪ್ಪತ್ತಾರು ವರ್ಷದಿಂದ ಆಯಾ. ನಮ್ಮ ಹೆಡ್‌ಮಾಸ್ಟರ್ ಯಜ್ಞನಾರಾಯಣ ಅವರು ಕೆಟ್ಟವರಲ್ಲ. ಅವರಿಗೆ ಸಂತೋಷವಾದರೆ ಯಾರಿಗಾದರೂ ಶಾಲು ಹೊದಿಸಬೇಕು, ಅಷ್ಟೆ. ನೀರಿನ ಫಿಲ್ಟರ್ ಕೊಟ್ಟವರಿಗೆ ಹೊದಿಸಿದರು. ಅದು ಕೆಟ್ಟಾಗ ರಿಪೇರಿ ಮಾಡಿದವನಿಗೂ ಹೊದಿಸಿದರು.

ಒಂಬತ್ತನೇ ಕ್ಲಾಸಿನ ತೇಜಶ್ರೀ ಆರು ವಾರ ಶಾಲೆಗೇ ಬಂದಿರಲಿಲ್ಲ. ಆಮೇಲೆ ಬಂದ ದಿನಗಳಲ್ಲೂ ಗೇಟಿನ ಹತ್ತಿರ ಉಸಿರು ಕಟ್ಟಿ ನಿಂತುಬಿಡುತ್ತಿದ್ದಳು. ನಾಟಕ ಅಂದರು, ಗಾಳಿ ಸೋಕಿದೆ ಅಂದರು. ಕೊನೆಗೆ, ಕಷ್ಟದಲ್ಲಿರುವ ಮಕ್ಕಳ ಜೊತೆಗಿರಲೆಂದು ಶಾಲೆಯಲ್ಲಿ ಮಾಡಿದ್ದ ಗೆಳೆಯರ ಗುಂಪಿನಿಂದ ಹತ್ತನೇ ಕ್ಲಾಸಿನ ಬುಷ್ರಾ ದಿನಾ ಊಟದ ಹೊತ್ತಿಗೆ ನೀರಿನ ತೊಟ್ಟಿಯ ಹಿಂದಿನ ಮೆಟ್ಟಿಲ ಮೇಲೆ ಅವಳ ಜೊತೆ ಕೂತಳು. “ನಾನೂ ಹೋದ ವರ್ಷ ಡಾಕ್ಟರ ಹತ್ರ ಹೋಗ್ತಿದ್ದೆ ಕಣೇ, ಯಾರಿಗೂ ಹೇಳ್ಬೇಡ,” ಅಂದಿದ್ದು ಪಾತ್ರೆ ತೊಳೆಯುತ್ತಿದ್ದ ನನ್ನ ಕಿವಿಗೂ ಬಿತ್ತು. ನಾನು ನಲ್ಲಿಯನ್ನು ಜೋರಾಗಿ ತಿರುಗಿಸಿದೆ. ಆ ಮೆಟ್ಟಿಲಿನಿಂದಲೇ ಹುಡುಗಿ ಮೆಲ್ಲಗೆ ಕ್ಲಾಸಿಗೆ ಹೋಗತೊಡಗಿದಳು.

ಈಗ ಈ ಬ್ಯಾನರ್. ಮಡಿಸುವಷ್ಟರಲ್ಲಿ ತೇಜಶ್ರೀ ಎದುರಿಗೇ ನಿಂತಿದ್ದಳು.

“ಆಯಮ್ಮ, ನಾಳೆಯಿಂದ ನಾನು ಬರಲ್ಲ,” ಅಂದವಳೇ ತೊಟ್ಟಿಯ ಕಡೆ ಓಡಿದಳು. ಬುಷ್ರಾ ಅವಳ ಹಿಂದೆ ಓಡಿದಳು.

ನಾನು ಟೀ ಹಿಡಿದು ಹೆಡ್‌ಮಾಸ್ಟರ ರೂಮಿಗೆ ಹೋದೆ.

“ಸಾರ್, ಆ ಹುಡುಗೀನ ಒಂದು ಮಾತು ಕೇಳಿದ್ರಾ?”

“ಕೇಳಿದ್ರೆ ಸರ್‌ಪ್ರೈಸ್ ಎಲ್ಲಿರುತ್ತೆ ಆದಿಲಕ್ಷ್ಮಮ್ಮ? ಇದ್ರಲ್ಲಿ ನಾಚಿಕೆ ಯಾಕೆ? ಎಲ್ರ ನಾಚಿಕೆ ಹೋಗ್ಲಿ ಅಂತಾನೇ ಮಾಡ್ತಿರೋದು.”

“ನಾಚಿಕೆಗಿಂತ ಮುಂಚೆ ಹುಡುಗೀನೇ ಹೋಗ್ತಾಳೆ ಸಾರ್. ನಾಳೆಯಿಂದ ಬರಲ್ಲ ಅಂತಿದಾಳೆ.”

“ಚಪ್ಪಾಳೆ ಬಿದ್ರೆ ಸರಿಹೋಗ್ತಾಳೆ. ಅತಿಥಿಗೂ ಹೇಳಾಗಿದೆ. ನೀವು ಹಾರಕ್ಕೆ ಹೇಳಿ.”

ನನಗೂ ತಾಳ್ಮೆಗೆ ಒಂದು ಮಿತಿ ಇದೆ.

“ಸಾರ್, ನಿಮ್ಮ ಮನೆಯವ್ರು ಜಲಜಾ ಮೇಡಂ ತೀರ್ಕೊಂಡ್ಮೇಲೆ ಎರಡು ತಿಂಗಳು ನೀವು ಮ್ಯಾಪ್ ಇಡೋ ರೂಮಲ್ಲಿ ಬಾಗಿಲು ಹಾಕ್ಕೊಂಡು ಕೂರ್ತಿದ್ರಿ. ನಾನು ಟೀ ತಂದು ಹೊರಗೆ ಕಾಯ್ತಿದ್ದೆ. ಯಾರಾದ್ರೂ ಕೇಳಿದ್ರೆ ಸಾರ್‌ಗೆ ಪೇಪರ್ ಕೆಲಸ ಇದೆ ಅಂತಿದ್ದೆ. ಒಂದಿನ ನೀವಾಗೇ ಎದ್ದು ಬಂದ್ರಿ. ಆವತ್ತು ನಾನು ಮೈಕ್ ಹಿಡ್ಕೊಂಡು ಚಪ್ಪಾಳೆ ಹೊಡೆಸಿದ್ನಾ?”

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಟೀ ಆರಿ ಕೆನೆಗಟ್ಟಿತು.

“ಎಲ್ಲಿದಾಳೆ? ಕರೀರಿ... ಬೇಡ, ನಾನೇ ಹೋಗ್ತೀನಿ.”

ಮೆಟ್ಟಿಲ ಹತ್ತಿರ ಹೋಗಿ, “ಕೇಳ್ದೆ ಮಾಡಿದ್ದು ತಪ್ಪಾಯ್ತಮ್ಮ. ಯಾವ ಸನ್ಮಾನಾನೂ ಇಲ್ಲ,” ಅಂದರು. ತೇಜಶ್ರೀ ತಲೆ ಎತ್ತದೆಯೇ, “ಫೋಟೋನೂ ಚೆನ್ನಾಗಿರಲಿಲ್ಲ ಸಾರ್,” ಅಂದಳು. ನಾಳೆ ಬರುತ್ತೇನೆ ಅಂತ ಮಾತ್ರ ಹೇಳಲಿಲ್ಲ.

ವಾಪಸ್ ಬರುವಾಗ ಅವರು ಮೆಲ್ಲಗೆ ಕೇಳಿದರು. “ಅದ್ಸರಿ ಆದಿಲಕ್ಷ್ಮಮ್ಮ, ಶನಿವಾರ ಅತಿಥಿ ಬಂದೇ ಬರ್ತಾರೆ. ಶಾಲು ಯಾರಿಗೆ ಹೊದಿಸೋದು?”

ಅಯ್ಯೋ ನನ್ನ ಕರ್ಮವೇ!

ಶನಿವಾರ ಕುರ್ಚಿಯ ಮೇಲೆ ಕೂತವಳು ನಾನು. ಇಪ್ಪತ್ತಾರು ವರ್ಷ ಗಂಟೆ ಹೊಡೆದಿದ್ದಕ್ಕೆ ಅಂತೆ. ಬಿಸಿಲಲ್ಲಿ ಶಾಲು ಚುಚ್ಚುತ್ತಿತ್ತು. ಪೇಟ ಜಾರಿ ಕಣ್ಣು ಮುಚ್ಚಿತು. ಎತ್ತಿಕೊಂಡು ಒಂಬತ್ತನೇ ಕ್ಲಾಸಿನ ಸಾಲು ಹುಡುಕಿದೆ. ಕೊನೆಯಲ್ಲಿ ತೇಜಶ್ರೀ ಇದ್ದಳು. ನನ್ನ ಅವತಾರ ನೋಡಿ ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡು ನಗುತ್ತಿದ್ದಳು.

ಪೇಟ ಮತ್ತೆ ಜಾರಿತು. ಈ ಸಲ ನಾನು ಎತ್ತಿಕೊಳ್ಳಲಿಲ್ಲ.