ಏಳು ಅಂದಾಗ ಏಳುವವಳು

"ನೋಡಿ ಅಜ್ಜಿ, ಬಟ್ಟೆ ಒಗೆಯೋದು ಅಂದ್ರೆ ನನಗೇನೂ ಬೇಜಾರಿಲ್ಲ. ಅಭ್ಯಾಸದ ಬಟ್ಟೆ ನನ್ನ ಹತ್ರ ಮೂರೇ ಜೊತೆ. ಮೈಮೇಲೊಂದು, ತಂತಿ ಮೇಲೊಂದು, ನೀರಲ್ಲೊಂದು. ನಾಲ್ಕನೇದಿದ್ರೆ ನಾಳೆ ಒಗೆದ್ರಾಯ್ತು ಅನ್ನೋ ಸೋಮಾರಿತನ ಬರುತ್ತೆ. ಎರಡೇ ಇದ್ರೆ ಒದ್ದೆ ಬಟ್ಟೇಲಿ ಕುಣೀಬೇಕಾಗುತ್ತೆ. ಬೆವರಿನ ಬಟ್ಟೇನ ಉಂಡೆ ಮಾಡಿ ಚೀಲಕ್ಕೆ ತುರುಕಬಾರದು, ಅಲ್ಲೇ ಕೂತು ನಮ್ಮ ಮೇಲೆ ಹಗೆ ಸಾಧಿಸುತ್ತೆ. ಒಳಮೈ ಹೊರಗೆ ಮಾಡಿ ತಣ್ಣೀರಲ್ಲಿ ನೆನೆಹಾಕ್ಬೇಕು. ಕೈಯಲ್ಲಿ ಉಜ್ಜೋಕೆ ಯಾರಿಗಿದೆ ಪುರುಸೊತ್ತು? ಕಾಲಲ್ಲಿ ತುಳೀತೀನಿ. ಅಂಗಿಗೆ ನಾಲ್ಕು ಎಂಟು, ಕಾಲುಚೀಲಕ್ಕೆ ಎರಡು ಎಂಟು, ಹೊದಿಕೆಗೆ ಹದಿನಾರು ಎಂಟು. ಒಂದರಿಂದ ಆರರವರೆಗೆ ತುಳಿಯೋದು, ಏಳು ಅಂದಾಗ ಏಳೋದು, ಎಂಟಕ್ಕೆ ಇಳಿಯೋದು. ಬಟ್ಟೇನೂ ಶುದ್ಧ, ಹೊಸ ಹೆಜ್ಜೇನೂ ಶುದ್ಧ. ಒಂದೇ ನೀರಲ್ಲಿ ಎರಡು ಕೆಲಸ!"

ಇಷ್ಟನ್ನೂ ಆಕೆ ಹೇಳಿದ್ದು ಮೆಟ್ಟಿಲ ಮೇಲೆ ನಿಂತು, ಒಂದೇ ಉಸಿರಿನಲ್ಲಿ, ಒಂದೇ ಕಾಲಿನ ಮೇಲೆ. ಇನ್ನೊಂದು ಕಾಲನ್ನು ಹಿಂದಕ್ಕೆ ಮಡಚಿ, ಹಿಮ್ಮಡಿಯನ್ನು ಕೈಯಲ್ಲಿ ಹಿಡಿದು, ಯಾರೋ ಬೇರೆಯವರ ಕಾಲನ್ನು ಜೋಪಾನ ಮಾಡುತ್ತಿರುವವಳಂತೆ ಸಲೀಸಾಗಿ ನಿಂತಿದ್ದಳು. ನಾನು ಕೇಳಿದ್ದು ಇಷ್ಟೇ: "ಇಷ್ಟೆಲ್ಲ ಓಡಾಟದ ನಡುವೆ ಬಟ್ಟೆ ಯಾವಾಗ ಒಗೀತೀಯಮ್ಮ?" ಅವಳ ಸಂಸಾರ ನನ್ನ ಮೇಲಿನ ಮನೆಗೆ ಬಂದು ಆಗ ಒಂದು ವಾರವಾಗಿತ್ತು. ಬೆಳಗಾದರೆ ತಲೆಯ ಮೇಲೆ ಕೇಳುತ್ತಿದ್ದ ದಡದಡ ಸದ್ದಿಗೆ ಕಾರಣ ಕೇಳಲು ಸಂಕೋಚಪಟ್ಟು, ಬಟ್ಟೆಯ ನೆವ ಹುಡುಕಿದ್ದೆ. ಎರಡಕ್ಕೂ ಉತ್ತರ ಒಂದೇ ಎಂಬುದು ಹೀಗೆ ತಿಳಿಯಿತು.

ಅವಳು ನರ್ತಕಿ. ಮೂವತ್ತೆಂಟರ ಹೆಂಗಸು, ತೆಳ್ಳನೆಯ ಮೈ, ಉದ್ದನೆಯ ಕೊರಳು, ಹೆಜ್ಜೆ ಇಟ್ಟರೆ ಪಾದಗಳೆರಡೂ ಪರಸ್ಪರ ಮುನಿಸಿಕೊಂಡಂತೆ ಹೊರಮುಖ. ಬೆಳಗ್ಗೆ ತಂಡದ ಅಭ್ಯಾಸ, ಮಧ್ಯಾಹ್ನ ಮಕ್ಕಳಿಗೆ ಪಾಠ, ಸಂಜೆ ಮತ್ತೆ ಅಭ್ಯಾಸ. ಮನೆಯಲ್ಲಿ ಬಸ್ ಓಡಿಸುವ ಗಂಡ, ಕಿವಿ ಮಂದವಾದ ಅತ್ತೆ. ದಿನಕ್ಕೆ ಮೂರು ಸಲ ಬೆವರಿ ನೀರಾಗುವ ಮೈ ಅದು. ಬಟ್ಟೆ ಒಗೆಯುವುದು ಅವಳ ಪಾಲಿಗೆ ವಾರದ ಕೆಲಸವಲ್ಲ, ಹಲ್ಲುಜ್ಜಿದ ಹಾಗೆ.

ಅವಳಿಗಿಂತ ಮುಂಚೆ ಅವಳ ಕೋಟು ಬರುತ್ತಿತ್ತು ಎಂದರೂ ಸಲ್ಲುತ್ತದೆ. ಗಂಡನ ಹಳೆಯ ಬೂದುಬಣ್ಣದ ಕೋಟು, ಚಾಲಕರ ಸಮವಸ್ತ್ರದ್ದು, ತೋಳನ್ನು ಎರಡು ಸಲ ಮಡಚಿದರೂ ಬೆರಳ ತುದಿಯವರೆಗೆ ಇಳಿಯುವಂಥದ್ದು. ಅದರ ಎರಡೂ ಜೇಬಿನ ತುಂಬ ಬಟ್ಟೆಗೆ ಹಾಕುವ ಮರದ ಕ್ಲಿಪ್ಪುಗಳು. ಮೆಟ್ಟಿಲಿಳಿದರೆ ಕಟಕಟ, ಮೆಟ್ಟಿಲೇರಿದರೆ ಕಟಕಟ. ಒಮ್ಮೆ ತಂಡದ ನಿರ್ದೇಶಕಿಯ ಕೋಣೆಯಲ್ಲಿ ಕಪಾಟಿನ ಬೀಗದ ಕೈ ಹುಡುಕುತ್ತಾ ಮೇಜಿನ ಮೇಲೆ ನಲವತ್ತೋ ಐವತ್ತೋ ಕ್ಲಿಪ್ಪು ಸುರಿದಳಂತೆ. ನಿರ್ದೇಶಕಿ ಕನ್ನಡಕ ಸರಿಮಾಡಿಕೊಂಡು, "ನೀನು ಕುಣಿಯೋಕೆ ಬಂದಿದೀಯೋ, ನನ್ನನ್ನ ತಂತಿಗೆ ನೇತುಹಾಕೋಕೆ ಬಂದಿದೀಯೋ?" ಎಂದರಂತೆ. ಇದನ್ನು ಹೇಳಿ ಅವಳೇ ಮೊದಲು ನಕ್ಕಳು.

ಅವಳ ಗಂಡ ಮಾತು ಕಡಿಮೆಯ ಮನುಷ್ಯ. ಒಂದು ಮಳೆಯ ದಿನ ಅವಳ ಕರಿಯ ಕಾಲುಚೀಲಗಳು ಒಣಗಲೇ ಇಲ್ಲ, ಸಂಜೆ ಪ್ರದರ್ಶನ. ಆತ ಅವನ್ನು ಒಯ್ದು, ಬಸ್ಸಿನಲ್ಲಿ ತನ್ನ ಸೀಟಿನ ಪಕ್ಕ, ಎಂಜಿನ್ನಿನ ಬಿಸಿ ತಾಗುವ ಕಡೆ, ಕ್ಲಿಪ್ಪು ಹಾಕಿ ನೇತುಹಾಕಿಬಿಟ್ಟ. ಊರಿನ ಈ ತುದಿಯಿಂದ ಆ ತುದಿಯವರೆಗೆ ಕಾಲುಚೀಲಗಳು ಮೆರವಣಿಗೆ ಹೋದವು. ಮುಂದಿನ ಸೀಟಿನ ಹಿರಿಯರೊಬ್ಬರು ತಡೆಯಲಾರದೆ, "ಏನಪ್ಪಾ, ಬಸ್ಸಿಗೆ ದೃಷ್ಟಿ ಆಗಬಾರದು ಅಂತಲೋ?" ಎಂದು ಕೇಳಿದ್ದಕ್ಕೆ, "ಮನೆಯವಳದು. ಮುಂದಿನ ನಿಲ್ದಾಣಕ್ಕೆ ಒಣಗುತ್ತೆ" ಎಂದನಂತೆ.

ಕಟ್ಟಡದ ಕೆಳಗೆ ಎಲ್ಲರಿಗೂ ಸೇರಿದ ಒಗೆಯುವ ಯಂತ್ರವೊಂದಿತ್ತು. ಅವಳು ಅದರ ಹತ್ತಿರ ಸುಳಿಯುತ್ತಿರಲಿಲ್ಲ. ಅಭ್ಯಾಸದ ಬಟ್ಟೆಯ ಎಲಾಸ್ಟಿಕ್ಕನ್ನು ಅದು ಒಮ್ಮೆ ತಿಂದುಹಾಕಿತ್ತು, ನಿಜ. ಆದರೆ ಅಸಲು ಕಾರಣ ಬೇರೆ. "ಯಂತ್ರಕ್ಕೆ ಕೊಟ್ರೆ ಅದು ತಿರುಗುತ್ತೆ, ನಾನು ನಿಂತಿರ್ತೀನಿ. ನ್ಯಾಯವಾ ಇದು?" ಎನ್ನುತ್ತಿದ್ದಳು. ಅವಳ ತೊಟ್ಟಿ ಇದ್ದದ್ದು ನನ್ನ ಅಡುಗೆಮನೆಯ ನೇರ ಮೇಲೆ, ಹಿಂಬದಿಯ ಬಾಲ್ಕನಿಯಲ್ಲಿ; ಸಿಮೆಂಟಿನದು, ಮೊಣಕಾಲುದ್ದದ್ದು, ಜಾರದ ಒರಟು ತಳದ್ದು. ಇನ್ನೊಂದು ಹಟವಿತ್ತು. ಎಷ್ಟು ಭಾರದ ಹೊದಿಕೆಯಾದರೂ ಒಬ್ಬಳೇ ಹಿಂಡಬೇಕು. ಒಂದು ತುದಿಯನ್ನು ನಲ್ಲಿಗೆ ಸುತ್ತಿ, ಇನ್ನೊಂದನ್ನು ಹಿಡಿದು ತಿರುವುತ್ತಾ ಹಿಂದಕ್ಕೆ ವಾಲುವಳು. ನಾನು ಎಷ್ಟೋ ಸಲ "ಒಂದು ತುದಿ ಕೊಡಮ್ಮ, ಇನ್ನೂ ಕೈ ಬಿದ್ದುಹೋಗಿಲ್ಲ ನನಗೆ" ಎಂದಿದ್ದೇನೆ. "ನಲ್ಲಿ ಇದೆಯಲ್ಲ ಅಜ್ಜಿ, ಅದಕ್ಕೆ ಬೇರೇನು ಕೆಲಸ?" ಎಂಬುದೇ ಉತ್ತರ.

ಅತ್ತೆಯ ಕಥೆ ಹೇಳದಿದ್ದರೆ ಈ ಚಿತ್ರ ಅರ್ಧವಾಗುತ್ತದೆ. ಎಣಿಸುವಾಗ ಒಂದರಿಂದ ಆರರವರೆಗೆ ಸೊಸೆಯದು ಗೊಣಗು. ಏಳು ಬಂದಾಗ ಮಾತ್ರ ಮೈಯೊಂದಿಗೆ ದನಿಯೂ ಮೇಲೇಳುತ್ತಿತ್ತು. "ಏಳು!" ಮಂದ ಕಿವಿಯ ಆ ಮುದುಕಿಗೆ ಗೋಡೆಯಾಚೆಯಿಂದ ಕೇಳಿಸುತ್ತಿದ್ದದ್ದು ಅದೊಂದೇ ಮಾತು. ಬಂದ ಹೊಸದರಲ್ಲಿ ಆಕೆ ನನ್ನ ಬಾಗಿಲಿಗೆ ಬಂದು ಕುಸಿದು ಕುಳಿತಳು. "ಏನು ಹೇಳ್ಲಿ ನಿಮಗೆ! ಅರವತ್ತೊಂಬತ್ತು ವರ್ಷ ನನಗೆ. ಒಂದು ಸಲ ಏಳು ಅಂದ್ರೆ ಏಳಲ್ವಾ ನಾನು? ಎದ್ದು ಕೂತ ಮೇಲೂ ಏಳು ಅಂತಾಳೆ, ನಿಂತ ಮೇಲೂ ಏಳು ಅಂತಾಳೆ. ಇನ್ನೆಲ್ಲಿಗೆ ಏಳ್ಲಿ, ಅಟ್ಟಕ್ಕಾ?" ಅದು ಎಣಿಕೆ ಎಂದು ನಾನು ಕಿವಿಯ ಹತ್ತಿರ ಕೂಗಿ ತಿಳಿಸಿದೆ. ತಿಳಿದ ಮೇಲೂ ಆಕೆ ಅದೇ ಕೂಗಿಗೆ ಏಳುವುದನ್ನು ರೂಢಿ ಮಾಡಿಕೊಂಡಳು. ಗಡಿಯಾರಕ್ಕಿಂತ ಸೊಸೆಯೇ ಸರಿ ಎಂದು ಬೀಗತೊಡಗಿದಳು.

ಎರಡು ವರ್ಷ ಹೀಗೆ ಕಳೆಯಿತು. ನಾನು ಹೆಚ್ಚು ಓದಿದವಳಲ್ಲ, ಬಟ್ಟೆಗೆ ಗುಂಡಿ ಹೊಲಿದು, ಅಂಚು ಮಡಚಿ ಬದುಕಿದವಳು. ಆದರೆ ಕೈ ಕೆಲಸದಲ್ಲಿದ್ದಾಗ ಕಿವಿ ಬಿಡುವಾಗಿರುತ್ತದೆ. ಮೇಲಿನ ತೊಟ್ಟಿ ನನಗೆ ಬಾಯಿಪಾಠವಾಗಿತ್ತು. ಆರು ಹೆಜ್ಜೆ ಧಪಧಪ. ಏಳಕ್ಕೆ ಕೂಗು ಮಾತ್ರ, ಕಾಲಿನ ಸದ್ದಿಲ್ಲ, ಅವಳು ಗಾಳಿಯಲ್ಲಿರುತ್ತಾಳೆ. ಎಂಟಕ್ಕೆ ಧೊಪ್ಪೆಂದು ನೀರು ಚಿಮ್ಮುತ್ತದೆ.

ಆ ವರ್ಷ ತಂಡದ ಹೊಸ ನೃತ್ಯದಲ್ಲಿ ನಡುವಿನ ಪಾತ್ರ ಅವಳಿಗೆ ಸಿಕ್ಕಿತು. ಹದಿನಾರು ವರ್ಷ ಸಾಲಿನ ಕೊನೆಯಲ್ಲಿ ಕುಣಿದವಳು. ಸುದ್ದಿ ಹೇಳಲು ಬಂದಾಗ ಎರಡೂ ಕಾಲ ಮೇಲೆ ನಿಂತಿದ್ದಳು, ಅದರಿಂದಲೇ ವಿಷಯ ದೊಡ್ಡದೆಂದು ನನಗೆ ಗೊತ್ತಾಯಿತು. "ಈ ವಯಸ್ಸಿಗೆ ಇದು ಇನ್ನೊಂದ್ಸಲ ಬರಲ್ಲ ಅಜ್ಜಿ. ಬಂದಿದೆ. ಬಿಡಲ್ಲ" ಎಂದಳು.

ಪ್ರದರ್ಶನಕ್ಕೆ ಮೂರು ವಾರ ಉಳಿದಿತ್ತು. ಒಂದು ಬೆಳಗ್ಗೆ ಗುಂಡಿ ಹೊಲಿಯುತ್ತಿದ್ದ ನನ್ನ ಸೂಜಿ ನಿಂತಿತು. ಆರು ಹೆಜ್ಜೆಯಾದ ಮೇಲೆ ಖಾಲಿ ಇರಬೇಕಾದ ಕಡೆ ಒಂದು ಮೆಲುವಾದ ಹೆಜ್ಜೆ, ಎಂಟಕ್ಕೆ ಇನ್ನೊಂದು. ಕೂಗೂ ಇಲ್ಲ, ನೀರೂ ಚಿಮ್ಮಲಿಲ್ಲ. ಮರುದಿನವೂ ಹಾಗೇ. ಮೂರನೆಯ ದಿನ ಅತ್ತೆ ಇಳಿದು ಬಂದಳು, ಹೊತ್ತೇರಿದ್ದರೂ ಮುಖದಲ್ಲಿ ನಿದ್ದೆ. "ಈ ವಾರ ನನ್ನನ್ನ ಯಾರೂ ಎಬ್ಬಿಸ್ತಾ ಇಲ್ಲಾರೀ. ಸೊಸೆಗೆ ನನ್ನ ಮೇಲೇನಾದ್ರೂ ಕೋಪವಾ?"

ಸಂಜೆ ಅವಳು ಎಡಗಾಲಿಗೆ ಭಾರ ಹಾಕದೆ ನಿಂತು ತಂತಿಗೆ ಬಟ್ಟೆ ಹರವುತ್ತಿದ್ದಾಗ ಕೇಳಿದೆ. "ನಿನ್ನ ಏಳು ಎಲ್ಲಿ ಹೋಯ್ತಮ್ಮ?"

ಅವಳ ಬಾಯಲ್ಲಿ ಎರಡು ಕ್ಲಿಪ್ಪುಗಳಿದ್ದವು. ಅವನ್ನು ನಿಧಾನವಾಗಿ ತೆಗೆದು ತಂತಿಗೆ ಹಾಕಿದಳು.

"ಹೊಸ ಹೆಜ್ಜೆ ಅಜ್ಜಿ."

"ಹೊಸ ಹೆಜ್ಜೆ ಕುಂಟೋದಿಲ್ಲ. ಎಡಗಾಲು ತಾನೇ?"

"ನಿಮಗೆ ಬೇರೆ ಕೆಲಸ ಇಲ್ವಾ? ನನ್ನ ಕಾಲು ಎಣಿಸ್ಕೊಂಡು ಕೂತಿದೀರಾ?"

"ನಲವತ್ತು ವರ್ಷ ಹೊಲಿಗೆ ಎಣಿಸಿದೀನಿ. ಒಂದು ತಪ್ಪಿದ್ರೆ ಗೊತ್ತಾಗುತ್ತೆ. ಬಿಚ್ಚಿ ಹೊಲಿಯೋ ಹೊತ್ತಿಗೆ ಬಿಚ್ಚದೇ ಇದ್ರೆ ಬಟ್ಟೆನೇ ಹರಿಯುತ್ತೆ ಮಗಳೇ."

ನಿರ್ದೇಶಕಿಗೆ ಹೇಳಿದರೆ ಪಾತ್ರ ಬೇರೆಯವರಿಗೆ ಹೋಗುತ್ತದೆ ಎಂದಳು. ಮೂರೇ ವಾರ, ಪಟ್ಟಿ ಕಟ್ಟಿಕೊಂಡು ದಾಟಿಬಿಡುತ್ತೇನೆ, ಆಮೇಲೆ ಕಾಲು ಏನಾದರೂ ಆಗಲಿ ಎಂದಳು. ಖಾಲಿ ಬಕೆಟ್ ಎತ್ತಿಕೊಂಡು ಹೋದಳು. ಕೋಟು ಕಟಕಟ ಎನ್ನುತ್ತಾ ಮೆಟ್ಟಿಲೇರಿತು. ಒಂದು ಮೆಟ್ಟಿಲಿಗೆ ಜೋರಾಗಿ, ಒಂದಕ್ಕೆ ಮೆತ್ತಗೆ.

ಆಮೇಲೆ ಮೂರು ದಿನ ತೊಟ್ಟಿಯಲ್ಲಿ ನೀರಿನ ಸದ್ದೇ ಇಲ್ಲ. ನನ್ನ ಕಿವಿಗೆ ಹೆದರಿ ಒಗೆಯುವುದನ್ನೇ ಬಿಟ್ಟಳೋ ಎಂದುಕೊಂಡು, ಬಾಯಿ ಮುಚ್ಚಿಕೊಂಡಿರಬೇಕಿತ್ತೆಂದು ನನ್ನನ್ನೇ ಬೈದುಕೊಂಡೆ. ನಾಲ್ಕನೆಯ ದಿನ ಒಗೆಯುವ ಯಂತ್ರದ ಕೋಣೆಗೆ ಇಳಿದರೆ, ಅವಳು ಅಲ್ಲಿದ್ದಳು. ಗಾಜಿನ ಬಾಗಿಲೊಳಗೆ ಅವಳ ಬಟ್ಟೆ ಗಿರಗಿರ ತಿರುಗುತ್ತಿತ್ತು. ಅವಳು ಬೆಂಚಿನ ಮೇಲೆ, ಎಡಗಾಲನ್ನು ಬೋರಲು ಹಾಕಿದ ಬಕೆಟ್ಟಿನ ಮೇಲೆ ಚಾಚಿ, ಕೋಟಿನೊಳಗೆ ಮುದುಡಿ ಕುಳಿತಿದ್ದಳು. ಅವಳು ಸುಮ್ಮನೆ ಕುಳಿತದ್ದನ್ನು ನಾನು ಕಂಡದ್ದು ಅದೇ ಮೊದಲು.

"ಹೇಳಿದೆ" ಎಂದಳು, ಯಂತ್ರದಿಂದ ಕಣ್ಣು ತೆಗೆಯದೆ. "ಡಾಕ್ಟರಿಗೂ ತೋರಿಸಿದೆ. ನಡೀಬಹುದು, ಮೆತ್ತಗೆ ಕುಣೀಬಹುದು. ಆರು ವಾರ ಹಾರೋ ಹಾಗಿಲ್ಲ. ಹಾರಿದ್ರೆ ಮತ್ತೆಂದೂ ಹಾರೋ ಹಾಗಿಲ್ಲ."

"ನಿರ್ದೇಶಕಿ ಏನಂದ್ರು?"

"ಹಾರೋ ಭಾಗಾನ ತಂಡದ ಚಿಕ್ಕ ಹುಡುಗಿಗೆ ಕೊಟ್ರು. ನಡುವಿನ ಜಾಗ ಖಾಲಿ ಮಾಡ್ಬೇಕಾ ಅಂತ ಕೇಳ್ದೆ. 'ಯಾಕೆ? ಏಳಕ್ಕೆ ಎಲ್ಲರೂ ಏಳಲಿ. ನೀನು ನಿಂತಿರು. ನಿಲ್ಲೋಕೆ ಬರುತ್ತಾ?' ಅಂದ್ರು."

"ಬರುತ್ತಾ?"

"ಕಲೀತಾ ಇದೀನಲ್ಲ," ಎಂದು ಗಾಜಿನತ್ತ ಗದ್ದ ತೋರಿಸಿದಳು. "ಇದು ತಿರುಗುತ್ತೆ, ನಾನು ಕೂತಿರ್ತೀನಿ. ಎಷ್ಟು ಕಷ್ಟ ಗೊತ್ತಾ ಅಜ್ಜಿ!"

ಪ್ರದರ್ಶನಕ್ಕೆ ನಾನೂ ಅತ್ತೆಯೂ ಹೋದೆವು, ಮೂರನೆಯ ಸಾಲು. ಅದೊಂದು ಮಧ್ಯಾಹ್ನದ ಆಟ. ವೇದಿಕೆಯ ಮೇಲೆ ಹದಿನೆಂಟು ಜನ, ನಡುವೆ ಅವಳು. ಪಾದದ ಪೆಟ್ಟು ಹಲಗೆಯಿಂದ ನೆಲಕ್ಕೆ, ನೆಲದಿಂದ ನಮ್ಮ ಕುರ್ಚಿಗೆ ಇಳಿದು ಬರುತ್ತಿತ್ತು. ಕಿವಿ ಬೇಕಾಗಿರಲಿಲ್ಲ, ಅತ್ತೆಗೆ ಎಲ್ಲವೂ ಅಂಗಾಲಿನಲ್ಲೇ ಕೇಳಿಸಿತು. ಒಂದು, ಎರಡು, ಮೂರು, ಆರರವರೆಗೆ ಬಂತು. ಏಳಕ್ಕೆ ಹದಿನೇಳು ಜನ ಒಮ್ಮೆಲೇ ಗಾಳಿಗೆದ್ದರು. ಅವಳೊಬ್ಬಳು, ಎರಡೂ ಪಾದ ನೆಲಕ್ಕೆ ಊರಿ, ಕೊರಳೆತ್ತಿ, ನಿಶ್ಚಲವಾಗಿ ನಿಂತಳು. ಹಾರಿದವರನ್ನು ಯಾರು ನೋಡಿದರೋ ತಿಳಿಯದು, ಆ ಕ್ಷಣ ಸಭಾಂಗಣದ ಕಣ್ಣೆಲ್ಲ ಹಾರದವಳ ಮೇಲಿತ್ತು. ನನ್ನ ಪಕ್ಕದಲ್ಲಿ ಏನೋ ಅಲುಗಿತು. ತಿರುಗಿ ನೋಡಿದರೆ ಅತ್ತೆ ಕುರ್ಚಿ ಬಿಟ್ಟು ಎದ್ದು ನಿಂತಿದ್ದಳು. ಹಿಂದಿನ ಸಾಲಿನವರು "ಕೂತ್ಕೊಳ್ರಮ್ಮ" ಎಂದು ಪಿಸುಗುಟ್ಟಿದರು. ಆಕೆಗೆ ಕೇಳಿಸಲಿಲ್ಲ. "ಎಬ್ಬಿಸಿಬಿಟ್ಟಳು ನೋಡ್ರೀ" ಎಂದಳು ನನಗೆ, ಸಭೆಗೆಲ್ಲ ಕೇಳುವಷ್ಟು ಜೋರಾಗಿ.

ಮೈಯನ್ನೇ ಬಂಡವಾಳ ಮಾಡಿಕೊಂಡು ಬದುಕುವ ಜನರನ್ನು ನಾನು ಸಾಕಷ್ಟು ನೋಡಿದ್ದೇನೆ. ಮೂಟೆ ಹೊರುವವರು, ಗೋಡೆ ಕಟ್ಟುವವರು, ಕುಣಿಯುವವರು. ಅವರೆಲ್ಲರಿಗೂ ತಮ್ಮ ಕೈಕಾಲಿನ ಮೇಲೆ ಅಪಾರ ನಂಬಿಕೆ, ಮಂದಿಯ ಕೈಕಾಲಿನ ಮೇಲೆ ಅಷ್ಟಿಲ್ಲ. ಹೊತ್ತದ್ದನ್ನು ಇಳಿಸುವುದೆಂದರೆ ಸೋಲು ಎಂದುಕೊಳ್ಳುತ್ತಾರೆ, ಒಂದು ತುದಿಯನ್ನು ಇನ್ನೊಬ್ಬರಿಗೆ ಕೊಡುವುದಕ್ಕಿಂತ ನಲ್ಲಿಗೆ ಸುತ್ತುವುದೇ ಮೇಲು ಎಂದುಕೊಳ್ಳುತ್ತಾರೆ. ಆದರೆ ಅವರು ಒಮ್ಮೆ ಒಂದು ಪಾಠ ಕಲಿತರೆ ಅದನ್ನು ತಲೆಯಲ್ಲಿ ಇಟ್ಟುಕೊಳ್ಳುವುದಿಲ್ಲ, ಮೈಯಲ್ಲಿ ಇಟ್ಟುಕೊಳ್ಳುತ್ತಾರೆ. ಆಮೇಲೆ ಅದು ಮರೆತುಹೋಗುವುದಿಲ್ಲ.

ಮರುದಿನ ಬೆಳಗ್ಗೆ ಮೇಲಿನಿಂದ ಕರೆ ಬಂತು, ನಾನು ಹತ್ತಿ ಹೋದೆ. ತೊಟ್ಟಿಯಲ್ಲಿ ದಪ್ಪ ಹೊದಿಕೆ ನೆನೆದಿತ್ತು. ಅವಳು ಅದನ್ನು ಮೇಲೆಳೆದು, ನಲ್ಲಿಯ ಕಡೆ ಒಮ್ಮೆ ನೋಡಿ, ಒಂದು ತುದಿಯನ್ನು ನನ್ನ ಕೈಗೆ ಕೊಟ್ಟಳು.

"ಗಟ್ಟಿಯಾಗಿ ಹಿಡ್ಕೊಳ್ಳಿ ಅಜ್ಜಿ. ನೀವು ಆ ಕಡೆ ತಿರುವಿ, ನಾನು ಈ ಕಡೆ. ಎಂಟು ಎಣಿಸ್ಬೇಕು."

ನಾನೇ ಎಣಿಸಿದೆ. ನೀರು ಮೊದಲು ಧಾರೆಯಾಗಿ, ಆಮೇಲೆ ಹನಿಯಾಗಿ ಇಳಿಯಿತು. ಹೊದಿಕೆಯನ್ನು ಒದರಿ ತಂತಿಗೆ ಹಾಕಿದೆವು. ಅವಳು ಕೋಟಿನ ಜೇಬಿಗೆ ಕೈಹಾಕಿ ಒಂದೊಂದೇ ಕ್ಲಿಪ್ಪು ನನ್ನತ್ತ ಚಾಚುತ್ತಾ ಹೋದಳು, ನಾನು ಹಾಕುತ್ತಾ ಹೋದೆ.