ಎಂಟು ಶವರ್ ಕ್ಯಾಪು

ನನ್ನಷ್ಟು ಎತ್ತರದ ಆಳು ಆ ಹಡಗಿನಲ್ಲಿ ಇನ್ನೊಬ್ಬನಿರಲಿಲ್ಲ. ನಾನು ಮೈ ಮುರಿದರೆ ಏಳು ಅಂತಸ್ತು ಮೇಲೆ ಊಟಕ್ಕೆ ಕೂತವರ ತಟ್ಟೆ ಅಲುಗಾಡುತ್ತಿತ್ತು. ಒಂದು ದಿನಕ್ಕೆ ನಾನು ಇಸ್ತ್ರಿ ಮಾಡಿದ ಬೆಡ್‌ಶೀಟುಗಳನ್ನು ಗಂಟು ಹಾಕಿದರೆ ಹಡಗನ್ನು ದಡಕ್ಕೆ ಕಟ್ಟಿ, ಮಿಕ್ಕಿದ್ದರಲ್ಲಿ ಸಮುದ್ರವನ್ನೇ ಒರೆಸಿ ಒಣಗಿಸಬಹುದಿತ್ತು. ನಂಬದವರಿಗೆ, ನಮ್ಮ ಭಾವನನ್ನು ಕೇಳಿ ನೋಡಿ ಎನ್ನುತ್ತಿದ್ದೆ. ಈಗ ಹಾಗೆ ಹೇಳುವಂತಿಲ್ಲ.

ನಮ್ಮ ಲಾಂಡ್ರಿ ಇದ್ದದ್ದು ಹಡಗಿನ ತಳದಲ್ಲಿ, ನೀರಿನ ಮಟ್ಟಕ್ಕಿಂತ ಕೆಳಗೆ. ಕಿಟಕಿಯಿಲ್ಲ. ಗೋಡೆ ಸದಾ ಬೆವರುತ್ತಿತ್ತು, ನಾವೂ ಬೆವರುತ್ತಿದ್ದೆವು. ಒಂಬತ್ತು ಜನ. ನಾನು ಇಸ್ತ್ರಿ ಯಂತ್ರಕ್ಕೆ, ಅಕ್ಕನ ಗಂಡ ಡ್ರೈಯರಿಗೆ, ಟವೆಲು ಮಡಿಸುವುದಕ್ಕೆ ಚಿಕ್ಕಮ್ಮ. ಆಕೆ ನಮ್ಮಲ್ಲಿ ಯಾರಿಗೂ ಸಂಬಂಧವಲ್ಲ. ಎಲ್ಲರನ್ನೂ ಬೈಯುವ ಹಕ್ಕು ತಾನೇ ತೆಗೆದುಕೊಂಡಿದ್ದರಿಂದ ಹಾಗೆ ಕರೆಯುತ್ತಿದ್ದೆವು. ಭಾವ ನನ್ನ ಎದೆಮಟ್ಟಕ್ಕೂ ಬರುತ್ತಿರಲಿಲ್ಲ. ಮೇಲಿನ ಹಲಗೆಯಿಂದ ಸೋಪಿನ ಡಬ್ಬಿ ಬೇಕಾದರೂ ನನ್ನನ್ನೇ ಕೂಗುತ್ತಿದ್ದರು.

ಚಾವಣಿಯಲ್ಲಿ ಎಂಟು ಹೊಗೆ ಡಬ್ಬಿಗಳಿದ್ದವು. ಹೊಗೆ ತಾಕಿದರೆ ಹಡಗಿನ ತುಂಬ ಬೆಲ್ಲು ಬಾರಿಸುವಂಥವು. ಆದರೆ ಇಸ್ತ್ರಿ ಯಂತ್ರದ ಹಬೆಯನ್ನು ಹೊರಗೆಳೆಯುವ ಫ್ಯಾನು ಕೆಟ್ಟು ತಿಂಗಳುಗಳಾಗಿದ್ದವು. ಮುಂದಿನ ಬಂದರಿನಲ್ಲಿ ನೋಡೋಣ ಎನ್ನುತ್ತಲೇ ನಾಲ್ಕು ಬಂದರು ದಾಟಿಸಿದ್ದರು. ಹಬೆ ಮೇಲೇರಿ ಡಬ್ಬಿಗೆ ತಾಕುವುದು, ಬೆಲ್ಲು ಬಡಿದುಕೊಳ್ಳುವುದು. ಒಂದೇ ವಾರದಲ್ಲಿ ಮೂರು ಸಲ ಪ್ರಯಾಣಿಕರು ಎಂಜಲು ಕೈಯಲ್ಲಿ ಓಡಿದರು.

ಲಾಂಡ್ರಿಯ ಮೇಲಧಿಕಾರಿ ಕೆಳಗಿಳಿದು ಬಂದ. ಮೈಗೆಲ್ಲ ಸೆಂಟು ಸುರಿದುಕೊಳ್ಳುತ್ತಿದ್ದ ಅವನಿಗೆ ನಾವಿಟ್ಟ ಹೆಸರು ಗುಲಾಬಿ ಸಾಹೇಬ. ಇನ್ನೊಂದು ಸಲ ಬೆಲ್ಲಾದರೆ ನಿಮ್ಮಲ್ಲಿ ಒಬ್ಬರೂ ಬಂದರಿನಲ್ಲಿ ಇಳಿಯುವ ಹಾಗಿಲ್ಲ ಎಂದ. ಬಿಸಿಲು ಕಂಡು ಆರು ವಾರವಾಗಿತ್ತು ನಮಗೆ. ಆಮೇಲೆ ದನಿ ತಗ್ಗಿಸಿ, ಇಲ್ಲಿ ಎತ್ತರದವನು ಯಾರು ಎಂದು ಕೇಳಿದ. ಅವನು ಬಾಯಿ ಮುಚ್ಚುವ ಮೊದಲೇ ನನ್ನ ಕೈ ಮೇಲೆದ್ದಿತ್ತು. ಜೇಬಿನಿಂದ ಪ್ರಯಾಣಿಕರ ಬಚ್ಚಲುಮನೆಯ, ಕೂದಲು ನೆನೆಯದಂತೆ ತಲೆಗೆ ಹಾಕುವ ಎಂಟು ಪ್ಲಾಸ್ಟಿಕ್ ಶವರ್ ಕ್ಯಾಪು ತೆಗೆದುಕೊಟ್ಟ. ಸ್ಟೂಲೂ ಇಲ್ಲದೆ ಎಂಟೂ ಡಬ್ಬಿಗೆ ಬಿಗಿದೆ. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ರಾಜನ ಹಾಗೆ ತಲೆಬಾಗಿದೆ.

ಭಾವ ಮಾತ್ರ ತಟ್ಟಲಿಲ್ಲ.

"ಅದು ಕಣ್ಣು ಕಣೋ. ಕಣ್ಣಿಗೆ ಚೀಲ ಕಟ್ಟಿಬಿಟ್ಟೆಯಲ್ಲ."

"ಕೈಗೆ ಎಟುಕದವರಿಗೆ ಹೊಟ್ಟೆಕಿಚ್ಚು ಬಿಡಿ, ಭಾವ."

ಅವರೂ ನಕ್ಕರು.

ಮಸಾಜು ಕೋಣೆಯ ಟವೆಲುಗಳಲ್ಲಿ ಎಣ್ಣೆಯಿರುತ್ತದೆ. ಎಷ್ಟು ಒಗೆದರೂ ಪೂರ್ತಿ ಹೋಗುವುದಿಲ್ಲ. ಡ್ರೈಯರಿನಲ್ಲಿ ಒಣಗಿದ ಮೇಲೆ ಕಾಲು ಗಂಟೆ ತಣ್ಣನೆ ಗಾಳಿಯಲ್ಲಿ ತಿರುಗಿಸಬೇಕು. ಬಿಸಿಬಿಸಿ ಒಟ್ಟಿದರೆ ರಾಶಿಯ ಹೊಟ್ಟೆಯೊಳಗೆ ಕಾವು ಏರುತ್ತಾ ಏರುತ್ತಾ ತಾನಾಗಿಯೇ ಹೊತ್ತಿಕೊಳ್ಳುತ್ತದೆ. ಬೆಂಕಿಕಡ್ಡಿ ಬೇಕಾಗಿಲ್ಲ. ಭಾವ ಮಗುವಿನ ಜ್ವರ ನೋಡುವ ಹಾಗೆ ರಾಶಿಯೊಳಗೆ ಕೈಯಿಟ್ಟು ನೋಡುತ್ತಿದ್ದರು. ಮೇಲೆ ಟವೆಲು ಸಾಲುತ್ತಿಲ್ಲವೆಂದು ಗುಲಾಬಿ ಸಾಹೇಬ ಆ ಕಾಲು ಗಂಟೆಯನ್ನು ಮೂರು ನಿಮಿಷಕ್ಕಿಳಿಸಿದ. ಯಾರೂ ತಿರುಗಿಸದಂತೆ ಡ್ರೈಯರಿನ ಗುಂಡಿಗೆ ಬೀಗ ಹಾಕಿಸಿದ. ಭಾವ ಎರಡು ಸಲ ಹೋಗಿ ಹೇಳಿದರು. ಎರಡನೆಯ ಸಲ ಅವರನ್ನು ಬಾಗಿಲಲ್ಲೇ ನಿಲ್ಲಿಸಿ ಕಳಿಸಿದ.

ಅವತ್ತು ಮಧ್ಯಾಹ್ನ ನಾವು ಏಳು ಜನ ಊಟಕ್ಕೆ ಹೋಗಿದ್ದೆವು. ಒಳಗೆ ಭಾವ ಮತ್ತು ಚಿಕ್ಕಮ್ಮ. ಮುಂದಿನದು ಚಿಕ್ಕಮ್ಮ ಹೇಳಿದ್ದು. ಸುಟ್ಟ ವಾಸನೆ ಬಂತು. ಟವೆಲು ಗಾಡಿಯ ನಡುವಿನಿಂದ ಹೊಗೆ ಎದ್ದಿತು. ಚಾವಣಿಯತ್ತ ನೋಡಿದರೆ ಎಂಟು ಕ್ಯಾಪುಗಳು ಬಾಯಿ ಹೊಲಿದುಕೊಂಡ ಹಾಗೆ ಸುಮ್ಮನಿದ್ದವು. ಆಗಲೇ ಗಾಡಿ ಭಗ್ಗೆಂದಿತು. ಪಕ್ಕದಲ್ಲೇ ಬಟ್ಟೆಯ ಉಗ್ರಾಣ, ಅದರ ನೆತ್ತಿಯ ಮೇಲೆ ಪ್ರಯಾಣಿಕರು ಇಳಿದು ಹತ್ತುವ ಮೆಟ್ಟಿಲು.

"ಚಿಕ್ಕಮ್ಮಾ, ನೀವು ಹೋಗಿ ಬೆಲ್ ಒತ್ತಿ. ನಾನು ಗಾಡೀನ ನೀರಿನ ಕಡೆ ತಳ್ತೀನಿ" ಎಂದರಂತೆ ಭಾವ.

ಇನ್ನು ಮುಂದೆ ನಾನು ಒಂದು ಗೇಣೂ ಕೂಡಿಸಿ ಹೇಳುವುದಿಲ್ಲ. ನಾವು ಓಡಿ ಬಂದಾಗ ಹೊಗೆ ಮೊಣಕಾಲಿನವರೆಗೆ ಇಳಿದಿತ್ತು. ತೆವಳಿಕೊಂಡು ಹೋದೆವು. ಗಾಡಿ ಒಗೆಯುವ ಯಂತ್ರಗಳ ನಡುವೆ ನೆನೆದು ಕರಕಲಾಗಿ ನಿಂತಿತ್ತು. ಭಾವ ಕವುಚಿ ಬಿದ್ದಿದ್ದರು. ಮುಷ್ಟಿಯಲ್ಲಿ ನೀರಿನ ಪೈಪು. ನೀರು ಇನ್ನೂ ಹರಿಯುತ್ತಿತ್ತು. ಮೈಮೇಲೆ ಸುಟ್ಟ ಗಾಯ ಒಂದೂ ಇರಲಿಲ್ಲ. ಹೊಗೆ ಕುಡಿದು ಹೋದರು.

ಅರ್ಧ ಗಂಟೆಯಲ್ಲಿ ಮೇಲೆ ಮತ್ತೆ ಬ್ಯಾಂಡು ಬಾರಿಸಿದರು. ಮರುದಿನ ಯಂತ್ರಗಳೂ ತಿರುಗಿದವು. ಗುಲಾಬಿ ಸಾಹೇಬ ನನ್ನ ಕೈಗೆ ಎಂಟು ಹೊಸ ಕ್ಯಾಪು ಕೊಟ್ಟ. ಸುಳ್ಳು ಹೇಳಿ ಏನು ಪ್ರಯೋಜನ, ಕಟ್ಟಿದೆ.

ಸಂಜೆ ಅಕ್ಕನಿಗೆ ಫೋನು ಮಾಡಿದೆ. ಕಂಪನಿಯವರು ನನಗಿಂತ ಮೊದಲೇ ಮಾಡಿದ್ದರು.

"ನಮ್ಮನೆಯವರದ್ದೇ ತಪ್ಪಂತೆ. ಹೌದೇನೋ?"

ಯಂತ್ರದ ಸದ್ದಿನಲ್ಲಿ ಏನೂ ಕೇಳಿಸುತ್ತಿಲ್ಲ ಎಂದು ಸುಳ್ಳು ಹೇಳಿದೆ. ಅಕ್ಕ ಫೋನಿಟ್ಟಳು.

ಮೂರನೆಯ ದಿನ ಹಡಗು ಬಂದರು ಸೇರಿತು. ತನಿಖೆಯವರು ಹತ್ತುವವರಿದ್ದರು. ಅದಕ್ಕೂ ಮೊದಲು ಗುಲಾಬಿ ಸಾಹೇಬ ಟೈಪು ಮಾಡಿದ ಕಾಗದ ತಂದ. ಹೊಗೆ ಡಬ್ಬಿಗಳನ್ನು ಮುಚ್ಚಿದ್ದು ತೀರಿಕೊಂಡ ಡ್ರೈಯರ್ ಕೆಲಸಗಾರನೇ, ತನ್ನಿಷ್ಟದಂತೆ, ಯಾರಿಗೂ ಹೇಳದೆ ಎಂದಿತ್ತು ಅದರಲ್ಲಿ. ಎಂಟು ಜನ ಸಾಕ್ಷಿ, ಎಂಟು ಸಹಿ. ಸಹಿ ಹಾಕದವರು ಇಲ್ಲೇ ಇಳಿದು ಮನೆಗೆ ಹೋಗಬಹುದು ಎಂದ. ಪೆನ್ನು ಮೊದಲು ಬಂದದ್ದು ಚಿಕ್ಕಮ್ಮನ ಕೈಗೆ.

"ಸಾಹೇಬ್ರೇ, ಆ ಮನುಷ್ಯ ಎಷ್ಟು ಎತ್ತರ ಇದ್ದ ಅಂತ ನೋಡಿದ್ರಾ ಯಾವತ್ತಾದ್ರೂ?"

"ಸ್ಟೂಲ್ ಹತ್ತಿರ್ತಾನೆ."

"ಹಡಗು ಅಲುಗಾಡುತ್ತೆ, ಸ್ಟೂಲ್ ಇಡಬೇಡಿ ಅಂತ ಎಲ್ಲಾ ತೆಗೆಸಿದ್ದು ನೀವೇ."

ಆಕೆ ಪೆನ್ನನ್ನು ಮಡಿಸಿದ ಟವೆಲಿನ ಮೇಲೆ ಇಟ್ಟಳು. ನನ್ನನ್ನು ನೋಡಿದಳು. ಅವತ್ತು ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು.

"ಕಟ್ಟಿದ್ದು ನಾನು. ಕೊಟ್ಟಿದ್ದು ನೀವು" ಎಂದೆ.

ಗುಲಾಬಿ ಸಾಹೇಬ ನಕ್ಕ. "ನಿನ್ನ ಮಾತು ಯಾರು ನಂಬ್ತಾರೋ? ಬೆಡ್‌ಶೀಟಲ್ಲಿ ಸಮುದ್ರ ಒರೆಸ್ತೀನಿ ಅಂದವನು ನೀನು."

ಅದು ನಿಜ. ನನ್ನ ಮಾತಿಗೆ ಬೆಲೆಯಿರಲಿಲ್ಲ. ಆದರೆ ಕೈ ಇತ್ತು. ಎತ್ತಿದೆ. ಮೊದಲನೆಯ ಕ್ಯಾಪು ಕಿತ್ತು ಚಿಕ್ಕಮ್ಮನಿಗೆ ಕೊಟ್ಟೆ. ಎರಡನೆಯದು ಒಗೆಯುವವನಿಗೆ. ಮೂರನೆಯದು ಪಕ್ಕದವನಿಗೆ. ಅವನು ಕ್ಷಣ ಹೊತ್ತು ಹಿಂಜರಿದು ಕೈ ಚಾಚಿದ. ಹೀಗೆ ಒಬ್ಬೊಬ್ಬರಿಗೆ ಒಂದೊಂದು, ಕೊನೆಯದು ನನಗೆ. ಸಾಹೇಬ ಅಡ್ಡ ಬಂದ. ಅವನ ಕೈ ನನ್ನ ಭುಜದಾಚೆಗೆ ಹೋಗಲಿಲ್ಲ. ಅಷ್ಟರಲ್ಲಿ ಚಿಕ್ಕಮ್ಮ ಇಸ್ತ್ರಿ ಯಂತ್ರದ ಹಬೆಯನ್ನು ಪೂರ್ತಿ ಬಿಟ್ಟಿದ್ದಳು.

ಬೆಲ್ಲು ಬಾರಿಸಿತು. ತಳದಿಂದ ತುದಿಯವರೆಗೆ ಬಾರಿಸಿತು. ಪ್ರಯಾಣಿಕರೆಲ್ಲ ಕಿತ್ತಳೆ ಬಣ್ಣದ ಜಾಕೆಟು ತೊಟ್ಟು ಮೇಲೆ ಸಾಲುಗಟ್ಟಿದರು. ಹಡಗು ಹತ್ತುತ್ತಿದ್ದ ತನಿಖೆಯವರು ಕಚೇರಿಗೆ ಹೋಗದೆ ನೇರ ನಮ್ಮಲ್ಲಿಗೆ ಇಳಿದು ಬಂದರು. ನಾವು ಕ್ಯಾಪು ಹಿಡಿದ ಕೈ ಮುಂದೆ ಚಾಚಿ ನಿಂತಿದ್ದೆವು. ಗುಲಾಬಿ ಸಾಹೇಬ ಕಾಗದ ಮಡಚಿ ಜೇಬಿಗೆ ತುರುಕುತ್ತಿದ್ದ.

ಹೇಳಿಕೆ ಕೊಡುವವರು ಎಷ್ಟು ಜನ ಎಂದು ತನಿಖೆಯವರಲ್ಲೊಬ್ಬ ಕೇಳಿದ.

"ಒಂಬತ್ತು" ಎಂದೆ.

ನಿಂತಿದ್ದವರು ಎಂಟೇ ಜನ. ಕೂಡಿಸಿ ಹೇಳುವುದು ನನ್ನ ಚಾಳಿ.