ಆಳಿಗೊಂದು ಪೆಟ್ಟಿಗೆ

ಆ ಮನೆಯಲ್ಲಿದ್ದದ್ದು ಎರಡು ಕೋಣೆ, ಹಿಂದೊಂದು ಅಡುಗೆಮನೆ, ಇಬ್ಬರೇ ಜನ. ಅಕ್ಕ ಶಾಲೆಯ ಕೆಲಸದಿಂದ ನಿವೃತ್ತಳಾದ ಮೇಲೆ ತಮ್ಮನೂ ತನ್ನ ಬಾಡಿಗೆ ಕೋಣೆ ಬಿಟ್ಟುಬಂದು, ಇಬ್ಬರೂ ಸೇರಿ ಇದನ್ನು ಹಿಡಿದು ಎರಡು ವರ್ಷವಾಗಿತ್ತು. ಒಳಕೋಣೆ ಅವಳದು, ಹೊರಕೋಣೆ ಅವನದು. ದಿನಪತ್ರಿಕೆಯ ಹೊರಹಾಳೆಗಳು ಅವಳಿಗೆ, ಒಳಹಾಳೆಗಳು ಅವನಿಗೆ, ಮಧ್ಯಾಹ್ನ ಅದಲುಬದಲು. ಗೂಡಿನ ಮೇಲಿನ ಹಲಗೆ ಅವಳದು, ಕೆಳಗಿನದು ಅವನದು. ಜಗಳವಾಡಿ ಹಂಚಿಕೊಂಡದ್ದಲ್ಲ ಅದು. ಜಗಳ ಬಾರದಿರಲೆಂದು ಹಂಚಿಕೊಂಡದ್ದು.

ತಮ್ಮ ಪುಸ್ತಕಗಳಿಗೆ ರಟ್ಟು ಕಟ್ಟುವವನು. ಎಲ್ಲರೂ ಬೈಂಡರ್ ಎಂದೇ ಕರೆಯುತ್ತಿದ್ದರು. ರಜೆಯ ದಿನ ಮನೆಯಲ್ಲೂ ಒಂದೆರಡು ಪುಸ್ತಕ ಹರಡಿಕೊಂಡು ಕೂರುತ್ತಿದ್ದ. ಅಂಟಿನ ವಾಸನೆ ಅಕ್ಕನಿಗೆ ಆಗದು. ಹಾಗಾಗಿ ಕೋಣೆಗಳ ನಡುವಿನ ಬಾಗಿಲು ಮುಚ್ಚಿಯೇ ಇರುತ್ತಿತ್ತು.

ಅವರಿಬ್ಬರ ನಡುವೆ ಇನ್ನೊಂದು ವಿಷಯವೂ ಹನ್ನೊಂದು ವರ್ಷಗಳಿಂದ ಮುಚ್ಚಿಯೇ ಇತ್ತು. ಅದೊಂದು ಕಾಗದ. ಅಪ್ಪನ ಕೊನೆಯ ದಿನಗಳಲ್ಲಿ, ಬೈಂಡರ್ ಬೇರೆ ಊರಿನ ಅಚ್ಚುಕೂಟದಲ್ಲಿ ಇದ್ದಾಗ, ಅಕ್ಕ ಬರೆದದ್ದು. 'ಅಪ್ಪನಿಗೆ ಕೆಮ್ಮು ಹಾಗೆಯೇ ಇದೆ. ಗಾಬರಿಪಡುವಂಥದ್ದಲ್ಲ. ಬಿಡುವಾದಾಗ ಬಾ.' ಅದರ ಕೆಳಗೆ ಒಂದು ಸಾಲು ಬರೆದು ಹೊಡೆದುಹಾಕಿತ್ತು. ಸುಮ್ಮನೆ ಗೆರೆ ಎಳೆದದ್ದಲ್ಲ, ಶಾಲೆಯ ಮೇಡಂ ಕೈಯ ಹೊಡೆತ: ಒಂದಕ್ಷರವೂ ಕಾಣದಂತೆ ಶಾಯಿ ತುಂಬಿತ್ತು. ಬಿಡುವಾದಾಗ ಬಾ ಎಂದದ್ದರಿಂದ ಅವನು ಬಿಡುವು ಮಾಡಿಕೊಂಡೇ ಹೊರಟ. ಶಾಲೆಗಳಿಗೆ ಹೋಗಬೇಕಿದ್ದ ನಾನೂರು ನಕಾಶೆ ಪುಸ್ತಕಗಳ ಬೆನ್ನು ಕೂರಿಸಿ ಮುಗಿಸಿ, ಮನೆ ಮುಟ್ಟುವಾಗ ಅಪ್ಪ ಹೋಗಿ ಎರಡು ದಿನವಾಗಿತ್ತು.

ಕಾಗದವನ್ನು ಅವನು ಕಿಟಕಿಗೆ ಹಿಡಿದು ನೋಡಿದ್ದ, ದೀಪದ ಮುಂದೆ ಓರೆಯಾಗಿಸಿ ನೋಡಿದ್ದ, ಹಿಂಬದಿಯ ಮೇಲೆ ಬೆರಳಾಡಿಸಿದ್ದ. ಕಾಗದ ಓದುವುದೇ ಬೆರಳಿಂದ ಎನ್ನುವ ಕಸುಬು ಅವನದು. ಸಿಕ್ಕಿದ್ದು ಇಷ್ಟೇ: ಐದು ಪದಗಳಿವೆ ಎಂಬ ಲೆಕ್ಕ. ಅಪ್ಪ ಕರೆದದ್ದನ್ನು ಅಕ್ಕ ಹೊಡೆದುಹಾಕಿದ್ದಾಳೆ ಎಂದು ಅವನ ಮನಸ್ಸು ತೀರ್ಪು ಕೊಟ್ಟಿತ್ತು. ಕೇಳಲಿಲ್ಲ. ಕೇಳಿದರೆ ಅವಳು ಹೌದು ಎಂದುಬಿಟ್ಟಾಳೆಂಬ ಭಯ. ಗಂಟಲಿನ ಮುಳ್ಳನ್ನು ಹಾಗೆಯೇ ಇಟ್ಟುಕೊಂಡು ಉಣ್ಣುವುದು ಅಭ್ಯಾಸವಾಗಿತ್ತು.

ಹೀಗಿರುವಾಗ ಸೋದರತ್ತೆಯ ಮಗ ಒಂದು ದಿನ ಬೆಳಿಗ್ಗೆ ಮೂರು ರಟ್ಟಿನ ಡಬ್ಬಗಳೊಂದಿಗೆ ಬಾಗಿಲಿಗೆ ಬಂದ. ಕಂಡಲ್ಲೆಲ್ಲ ವೈರು ಎಳೆಯುವ ಹುಚ್ಚಿನವನಾದ್ದರಿಂದ ಅವನಿಗೆ ತಂತಿ ಎಂದೇ ಹೆಸರು. ಹೊಸದು ಕೊಂಡು, ಹಳೆಯ ಸಿ.ಡಿ. ಪ್ಲೇಯರನ್ನು ಇವರ ಪಾಲಿಗೆ ತಂದಿದ್ದ.

"ಹಳೇದು ಅಂತ ಮೂಗು ಮುರೀಬೇಡ ಭಾವ. ನನ್ನ ಹೊಸದಕ್ಕಿಂತ ಇದೇ ಗಟ್ಟಿ."

"ಹಾಗಿದ್ರೆ ಹೊಸದು ಯಾಕೆ ತಗೊಂಡೆ?" ಎಂದಳು ಅಕ್ಕ ಒಳಗಿನಿಂದ.

"ನಿನ್ನ ತಮ್ಮ ಗಟ್ಟಿ ಪುಸ್ತಕಕ್ಕೇ ಹೊಸ ರಟ್ಟು ಹಾಕ್ತಾನಲ್ಲ, ಹಾಗೆ."

ಹೊರಡುವಾಗ ಜೇಬಿನಿಂದ ತೆಳ್ಳನೆಯ ಡಬ್ಬಿಯೊಂದನ್ನು ತೆಗೆದು ಮೇಜಿನ ಮೇಲಿಟ್ಟ. "ಮಾವನ ದನಿ. ಆಗ ಟೇಪಿನಲ್ಲಿ ಹಿಡಿದಿದ್ದೆ, ಈಗ ಡಿಸ್ಕಿಗೆ ಹಾಕಿಸಿದೆ. ಕೆಮ್ಮಿನ ಮಧ್ಯೆ ದನಿ ಸಿಗ್ಲಿ ಅಂತ ಮಾವನ ಮುಂದೊಂದು, ಅಕ್ಕನ ಮುಂದೊಂದು ಮೈಕ್ ಇಟ್ಟಿದ್ದೆ. ಅಕ್ಕ ಕಾಗದ ಬರೀತಾ ಕೂತಿದ್ಲು, ನೆನಪಿದೆಯಾ ಅಕ್ಕಾ?"

ಬೈಂಡರ್ ಆ ಡಬ್ಬಿಯನ್ನೇ ನೋಡಿದ. ಹನ್ನೊಂದು ವರ್ಷ ಕಿಟಕಿಗೆ ಹಿಡಿದು ನೋಡಿದ್ದು ಈಗ ತಾನಾಗಿ ಬಾಯಿಬಿಡಲಿತ್ತು.

"ಪುಸ್ತಕ ಓದಿ ಜೋಡಿಸು ಭಾವ," ಎಂದು ತಂತಿ ಹೋದ.

ಜೊತೆಗಿದ್ದ ಕೈಪಿಡಿಯನ್ನು ಬೈಂಡರ್ ತೆರೆದ. ಪಿನ್ನು ತುಕ್ಕು ಹಿಡಿದಿತ್ತು, ನಡುಹಾಳೆ ಕಳಚಿತ್ತು. ಪಿನ್ನು ಕಿತ್ತ, ಸೂಜಿದಾರ ತಂದು ಮೂರು ಹೊಲಿಗೆ ಹಾಕಿದ, ಭಾರದ ಕೆಳಗಿಟ್ಟ. ಪುಸ್ತಕವನ್ನು ನೆಟ್ಟಗೆ ಮಾಡಿದ್ದಾಯಿತು, ಓದುವುದು ಉಳಿಯಿತು.

ಪ್ಲೇಯರ್ ಮತ್ತು ಆಂಪ್ಲಿಫೈಯರನ್ನು ಒಂದರ ಮೇಲೊಂದು ಗೂಡಿನ ಕೆಳಹಲಗೆಯಲ್ಲಿಟ್ಟ. ಕೆಂಪಿಗೆ ಕೆಂಪು, ಬಿಳಿಗೆ ಬಿಳಿ ಪ್ಲಗ್ಗು ಚುಚ್ಚಿದ. ಚರ್ಮ ಸವರುವ ಕತ್ತಿಯಿಂದ ಸ್ಪೀಕರ್ ವೈರಿನ ತುದಿ ಹೆರೆದು ತಾಮ್ರದ ಎಳೆಗಳನ್ನು ಹುರಿ ಮಾಡಿದ. ಸ್ಪೀಕರ್ ಪೆಟ್ಟಿಗೆಗಳು ಎರಡಿದ್ದವು. ಆ ಮನೆಯಲ್ಲಿ ಯಾವುದಾದರೂ ಎರಡಿದ್ದರೆ ಏನು ಮಾಡಬೇಕೆಂದು ಯಾರೂ ಯಾರನ್ನೂ ಕೇಳಬೇಕಿರಲಿಲ್ಲ.

"ನಿನ್ನದು ಎಲ್ಲಿಡ್ಲಿ?"

"ಮಂಚದ ತಲೆದೆಸೇಲಿ ಇಡು."

ಬಾಗಿಲ ಕೆಳಗಿನ ಸಂದಿಯಲ್ಲಿ ವೈರು ತೂರಿಸಿ ಅವಳ ಪೆಟ್ಟಿಗೆಯನ್ನು ಅಲ್ಲಿಟ್ಟು ಬಂದ. ತನ್ನದನ್ನು ಮೇಜಿನ ಪಕ್ಕ ಇಟ್ಟುಕೊಂಡ. ಬಾಗಿಲು ಮುಚ್ಚಿದ.

ಪ್ಲೇಯರಿನೊಳಗೆ ತಂತಿಯೇ ಮರೆತುಬಿಟ್ಟಿದ್ದ ಸಂಗೀತದ ಡಿಸ್ಕೊಂದಿತ್ತು. ಮೊದಲು ಅದನ್ನೇ ಹಾಕಿ ನೋಡಿದ. ಪುಟ್ಟ ಕಿಟಕಿಯಲ್ಲಿ ಹಸಿರು ಅಂಕಿಗಳು ಓಡತೊಡಗಿದವು.

"ಕೇಳ್ತಾ ಇದೆಯಾ ಅಲ್ಲಿ?" ಎಂದು ಕೂಗಿದ.

"ಚೆನ್ನಾಗಿ ಕೇಳ್ತಾ ಇದೆ. ಕೊಳಲು ಎಷ್ಟು ಇಂಪಾಗಿದೆ."

ಅವನಿಗೆ ಕೇಳುತ್ತಿದ್ದದ್ದು ತಾಳ ಮಾತ್ರ. ಕೊಳಲೆಲ್ಲಿ ಎಂದು ಕೇಳಬೇಕೆನಿಸಿತು. ಅವಳಿಗೆ ಕೊಳಲಿಗೂ ವೀಣೆಗೂ ವ್ಯತ್ಯಾಸ ತಿಳಿಯದು ಎಂದುಕೊಂಡು ಸುಮ್ಮನಾದ. ಸುಮ್ಮನಾಗುವುದರಲ್ಲಿ ಇಬ್ಬರದೂ ಪಳಗಿದ ಕೈ.

ಅಪ್ಪನ ಡಿಸ್ಕನ್ನು ಅಂಚು ಮಾತ್ರ ಹಿಡಿದು ಎತ್ತಿದ; ರಟ್ಟಿನ ಮೇಲೆ ಒತ್ತುವ ಚಿನ್ನದ ತೆಳುಹಾಳೆ ಹಿಡಿದು ಗೊತ್ತಿದ್ದ ಬೆರಳು. ಹೊಳೆಯುವ ಮುಖವೇ ಮೇಲಿರಬೇಕೆಂದು ಬಗೆದು ಹಾಗೆಯೇ ಇಟ್ಟ. ತಟ್ಟೆ ಒಳಸರಿಯಿತು, ಏನೋ ತಿರುಗಿತು, ನಿಂತಿತು. ಡಿಸ್ಕ್ ಇಲ್ಲ ಎಂದಿತು ಯಂತ್ರ. ಮಗುಚಿ ಇಟ್ಟಾಗ ಒಪ್ಪಿಕೊಂಡಿತು.

ಮೊದಲು ಕೆಮ್ಮು. ಆಮೇಲೆ ಕುರ್ಚಿ ಎಳೆದ ಸದ್ದು. ಆಮೇಲೆ ಅಪ್ಪ, ಮೊಳ ದೂರದಲ್ಲಿ ಕೂತು ಮಾತಾಡಿದಂತೆ.

"ಬರೆದ್ಯಾ?"

ಮೌನ.

"ಓದು ನೋಡೋಣ."

ಮೌನ. ಉದ್ದವಾದದ್ದು. ಹಸಿರು ಅಂಕಿಗಳು ಹದಿನಾಲ್ಕು ಸೆಕೆಂಡು ಓಡಿದವು. ದೂರದಲ್ಲೆಲ್ಲೋ, ಗೋಡೆಯಾಚೆ ಮಾತನಾಡಿದಂತೆ, ಏನೋ ಗುನುಗು.

"ಆ ಕೊನೇ ಸಾಲು ಬೇಡ. ಹೊಡೆದುಹಾಕು."

ಮೌನ.

"ನಿಜ ಅಂದ ಮಾತ್ರಕ್ಕೆ ಬರೀಬೇಕಾ? ಹೊಡಿ. ಕಾಣಬಾರದು ಅವನಿಗೆ."

ಬೈಂಡರ್ ನಿಲ್ಲಿಸುವ ಗುಂಡಿ ಒತ್ತಿದ. ಹೊಡೆಸಿದ್ದು ಅಪ್ಪ. ಹನ್ನೊಂದು ವರ್ಷ ಅಕ್ಕನ ಮೇಲೆ ಹೊರಿಸಿದ್ದ ಹೊರೆಯನ್ನು ಈಗ ಎಲ್ಲಿ ಇಳಿಸುವುದೆಂದು ತಿಳಿಯಲಿಲ್ಲ. ಆದರೆ ಓದಿದ್ದೆಲ್ಲಿ? ಹದಿನಾಲ್ಕು ಸೆಕೆಂಡು ಅಕ್ಕನ ಬಾಯಿಗೆ ಬೀಗ ಬಿದ್ದಿತ್ತೇ? ಇಷ್ಟು ನೀಟಾಗಿ ಅವಳ ಮಾತು ಮಾತ್ರ ಹೋಗಬೇಕಾದರೆ ಯಾರೋ ತೆಗೆಸಿರಬೇಕು. ಕಾಗದದಲ್ಲಿ ಹೊಡೆದದ್ದು ಸಾಲದೆ ಇಲ್ಲೂ ಹೊಡೆಸಿದ್ದಾಳೆ. ಇಳಿಸಲು ಹೊರಟಿದ್ದ ಹೊರೆ ಮತ್ತೆ ಹಳೆಯ ಜಾಗಕ್ಕೇ ಏರಿತು, ಹೇಳಿ ಮಾಡಿಸಿದಂತೆ.

ಬಾಗಿಲು ತೆರೆಯಿತು. ಅಕ್ಕ ಕನ್ನಡಕ ಕೈಯಲ್ಲಿ ಹಿಡಿದು ನಿಂತಿದ್ದಳು.

"ಇದಕ್ಕೆ ಅಪ್ಪನ ದನಿ ಅಂತ ಯಾಕೆ ಹೇಳಿದ ಅವನು?"

"ಯಾಕೆ?"

"ಅಪ್ಪ ಎಲ್ಲಿದ್ದಾರೆ ಇದರಲ್ಲಿ? ಬರೀ ನಾನೇ ಮಾತಾಡ್ತೀನಿ, ನಾನೇ ಸುಮ್ಮನಾಗ್ತೀನಿ, ಹುಚ್ಚಿ ಹಾಗೆ. ಅವರ ಒಂದು ಕೆಮ್ಮೂ ಇಲ್ಲ."

"ಅಪ್ಪ ಇದ್ದಾರೆ. ನೀನೇ ಇಲ್ಲ. ನೀನೇ ತೆಗೆಸಿದ್ದೀಯ."

"ನಾನಾ? ಈ ಡಬ್ಬಿ ನಾನು ನೋಡಿದ್ದೇ ಈ ಹೊತ್ತು."

"ಓದು ಅಂತಾರೆ ಅಪ್ಪ. ನಿನ್ನ ಬಾಯಿಂದ ಒಂದು ಮಾತಿಲ್ಲ."

"ಪೂರ್ತಿ ಓದಿದ್ದೀನಲ್ಲೋ. ಈಗ ತಾನೇ ಕೇಳ್ದೆ."

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಆಮೇಲೆ ಇಬ್ಬರೂ, ಒಟ್ಟಿಗೆ, ನೆಲದ ಮೇಲೆ ಹರಿದಿದ್ದ ವೈರನ್ನು ನೋಡಿದರು. ಬೈಂಡರ್ ಭಾರದ ಕೆಳಗಿನಿಂದ ಕೈಪಿಡಿಯನ್ನು ತೆಗೆದ. ತಾನೇ ಹೊಲಿದು ಕೂರಿಸಿದ್ದ ನಡುಹಾಳೆಯಲ್ಲಿ ಚಿತ್ರವಿತ್ತು: ಒಂದೇ ಕೋಣೆ, ಎಡಕ್ಕೊಂದು ಬಲಕ್ಕೊಂದು ಪೆಟ್ಟಿಗೆ, ನಡುವೆ ಕುರ್ಚಿಯಲ್ಲಿ ಒಬ್ಬ ಮನುಷ್ಯ.

"ಎರಡು ಮೈಕ್ ಅಂದಿದ್ದ," ಎಂದ ಬೈಂಡರ್. "ಅಪ್ಪನ ಮೈಕ್ ನನ್ನ ಪೆಟ್ಟಿಗೆಗೆ ಬಂದಿದೆ, ನಿನ್ನದು ನಿನಗೆ."

"ಹಂಚೋದು ಹಂಚಿ ಹಂಚಿ, ಕೊನೆಗೆ ಅಪ್ಪನ್ನೂ ಹಂಚಿಕೊಂಡ್ವಾ," ಎಂದಳು ಅಕ್ಕ. ಅವಳ ಮುಖದಲ್ಲಿ ನಗು ಇರಲಿಲ್ಲ. ಆದರೂ ಅದು ತಮಾಷೆಯೇ.

ಅವಳ ಪೆಟ್ಟಿಗೆಯ ವೈರು ಬಾಗಿಲ ಸಂದಿಯಲ್ಲಿ ಗಟ್ಟಿಯಾಗಿ ಸಿಕ್ಕಿಕೊಂಡಿತ್ತು. ಪೆಟ್ಟಿಗೆ ಹೊಸ್ತಿಲವರೆಗೆ ಬಂತು, ಮುಂದೆ ಬರಲಿಲ್ಲ. ಬೈಂಡರ್ ತನ್ನದನ್ನು ಹೊಸ್ತಿಲ ಈಚೆ ತಂದಿಟ್ಟ. ಬಾಗಿಲನ್ನು ಪೂರ್ತಿ ತೆರೆದು, ಅವಳು ಆಚೆ, ಅವನು ಈಚೆ, ನೆಲದ ಮೇಲೆ ಕುಳಿತರು. ಅಂಟಿನ ವಾಸನೆಯ ಬಗ್ಗೆ ಅವಳು ಏನೂ ಹೇಳಲಿಲ್ಲ.

ಕೆಮ್ಮು. ಕುರ್ಚಿ.

"ಬರೆದ್ಯಾ?"

"ಬರೆದೆ ಅಪ್ಪ."

"ಓದು ನೋಡೋಣ."

ಹನ್ನೊಂದು ವರ್ಷ ಚಿಕ್ಕವಳಾದ ಅಕ್ಕ ತರಗತಿಯಲ್ಲಿ ಪಾಠ ಓದುವಂತೆ ಓದಿದಳು. ಕೆಮ್ಮು ಹಾಗೆಯೇ ಇದೆ. ಗಾಬರಿಪಡುವಂಥದ್ದಲ್ಲ. ಬಿಡುವಾದಾಗ ಬಾ. ಆಮೇಲೆ ಸ್ವಲ್ಪ ತಡೆದು: "ಅಪ್ಪ ದಿನಾ ಬಾಗಿಲ ಕಡೆ ನೋಡುತ್ತಾರೆ."

ಬೈಂಡರ್ ಬೆರಳು ಮಡಿಸಿ ಎಣಿಸಿದ. ಐದು.

"ಆ ಕೊನೇ ಸಾಲು ಬೇಡ. ಹೊಡೆದುಹಾಕು."

"ನಿಜ ತಾನೆ ಅಪ್ಪ ಅದು?"

"ನಿಜ ಅಂದ ಮಾತ್ರಕ್ಕೆ ಬರೀಬೇಕಾ? ಹೊಡಿ. ಕಾಣಬಾರದು ಅವನಿಗೆ."

ಪೆನ್ನಿನ ಸದ್ದು ಅಕ್ಕನ ಪೆಟ್ಟಿಗೆಯಿಂದ ಬಂತು: ಕರಕರ, ಬಹಳ ಹೊತ್ತು. ಆ ಹೊತ್ತೆಲ್ಲ ಅಪ್ಪನ ಪೆಟ್ಟಿಗೆಯಿಂದ ಉಸಿರಾಟ ಮಾತ್ರ ಕೇಳುತ್ತಿತ್ತು.

"ಹೇಳಬಹುದಿತ್ತಲ್ಲ ನೀನು," ಎಂದ ಬೈಂಡರ್. "ಇಷ್ಟು ವರ್ಷ."

"ಅವರು ಹೊಡೆದುಹಾಕು ಅಂದದ್ದನ್ನ ನಾನು ಬಾಯಲ್ಲಿ ಹೇಳಿದ್ರೆ, ಹೊಡೆದ ಹಾಗಾಗುತ್ತಾ? ನೀನು ಕೇಳಿದ್ರೆ ಹೇಳ್ತಿದ್ದೆ. ಕೇಳ್ಲಿಲ್ಲ."

ಅವನು ಎದ್ದು ಕೆಳಹಲಗೆಯಿಂದ ಒಂದು ನಕಾಶೆ ಪುಸ್ತಕ ತೆಗೆದ. ಹಿಂದಿನ ರಟ್ಟಿನ ಒಳಗೆ ತಾನೇ ಮಾಡಿದ್ದ ಜೇಬಿನಿಂದ ಕಾಗದ ಎಳೆದು ಅವಳಿಗೆ ಕೊಟ್ಟ. ಅವಳು ಕನ್ನಡಕ ಏರಿಸಿ, ಶಾಯಿಯ ಪಟ್ಟಿಯನ್ನು ಬೆಳಕಿಗೆ ಹಿಡಿದು ನೋಡಿದಳು.

"ಚೆನ್ನಾಗೇ ಹೊಡೆದಿದ್ದೀನಿ," ಎಂದಳು.

ಆ ಸಾಲು ಇದ್ದಿದ್ದರೆ ಕಾಗದ ಮುಟ್ಟಿದ ದಿನವೇ ಹೊರಟುಬಿಡುತ್ತಿದ್ದೆ ಎಂದು ಅವನು ಇಷ್ಟು ವರ್ಷ ತನಗೆ ತಾನೇ ಹೇಳಿಕೊಂಡು ಬಂದಿದ್ದ. ಈಗ ಸಾಲು ಎದುರಿಗಿತ್ತು. ಐದು ಪದಗಳನ್ನು ಆ ಕಾಗದದಲ್ಲಿಟ್ಟು, ಕಾಗದವನ್ನು ಅಂದಿನ ತನ್ನ ಕೈಯಲ್ಲಿಟ್ಟು, ಪಕ್ಕದಲ್ಲಿ ಬೆನ್ನಿಲ್ಲದ ಪುಸ್ತಕಗಳ ರಾಶಿಯನ್ನಿಟ್ಟು ನೋಡಿದ. ಆ ಕೈ ಏನು ಮಾಡುತ್ತದೆಂದು ಕಾದ.

"ಅಕ್ಕ, ಆ ಸಾಲು ಇದ್ದಿದ್ರೂ ನಾನು ನಕಾಶೆ ಮುಗಿಸಿಯೇ ಬರ್ತಿದ್ನೇನೋ."

"ಹೂಂ," ಎಂದಳು ಅಕ್ಕ. ಕಾಗದವನ್ನು ಹಳೆಯ ಮಡಿಕೆಯಲ್ಲೇ ಮಡಿಸಿದಳು. "ಅಪ್ಪನಿಗೂ ಹಾಗೇ ಅನ್ನಿಸಿರಬೇಕು. ಅದಕ್ಕೇ ಹೊಡೆಸಿದ್ದು. ಓದಿಯೂ ಬರಲಿಲ್ಲ ಅನ್ನೋ ಕೊರಗು ನಿನಗೆ ಉಳೀಬಾರದು ಅಂತ."

ಡಿಸ್ಕ್ ಇನ್ನೂ ಓಡುತ್ತಿತ್ತು. ಮಾತು ಮುಗಿದಿತ್ತು; ಅಪ್ಪನ ಉಸಿರು, ಅಕ್ಕ ಲಕೋಟೆ ಮಡಿಸುವ ಸದ್ದು, ಮತ್ತೆ ಉಸಿರು. ಬೈಂಡರ್ ನಿಲ್ಲಿಸಲು ಎದ್ದ.

"ಇರ್ಲಿ ಬಿಡು," ಎಂದಳು ಅಕ್ಕ. "ತಾನೇ ನಿಲ್ಲುತ್ತೆ."

ಅವನು ಮತ್ತೆ ಕುಳಿತ. ಸ್ವಲ್ಪ ಹೊತ್ತಿಗೆ ಹಸಿರು ಅಂಕಿಗಳು ನಿಂತವು. ಪೆಟ್ಟಿಗೆಗಳನ್ನು ಅಲ್ಲಿಂದ ಯಾರೂ ಎತ್ತಲಿಲ್ಲ. ಅವು ಅಲ್ಲಿರುವವರೆಗೆ ಆ ಬಾಗಿಲು ಮುಚ್ಚಲು ಬರುತ್ತಿರಲಿಲ್ಲ.